ಅಂಕೋಲೆ-ಕಾರವಾರ ಕರಾವಳಿಯಲ್ಲಿ ಉಪ್ಪಿನ ಸೇವನೆ: ಒಂದು ಚಾರಿತ್ರಿಕ ಪರಿಶೀಲನೆ

೧

ಉಪ್ಪಿನ ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ೧೯೩೦ರ ಸತ್ಯಾಗ್ರಹ. ಆ ವರ್ಷದ ಏಪ್ರಿಲ್ ೬ರಂದು ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಒಂದು ವಾರದ ಅನಂತರ, ಏಪ್ರಿಲ್ ೧೩ರಂದು, ಕರ್ನಾಟಕದ ಪರವಾಗಿ ಅಂಕೋಲೆಯ ಸಮುದ್ರತೀರದಲ್ಲಿ ಅದೇ ಕಾರ್ಯವು ನಡೆಯಿತು. ಈ ಘಟನೆಗಳು ಸುವಿದಿತವಾಗಿವೆ. ಆದರೆ ಯಾವ ಉಪ್ಪಿಗಾಗಿ ಜನರು ಸೆರೆಮನೆಗೆ ಹೋದರೋ ಆ ಉಪ್ಪನ್ನು ಅವರು ದಿನವೂ ಎಷ್ಟು ತಿನ್ನುತ್ತಿದ್ದರು, ಹೇಗೆ ತಿನ್ನುತ್ತಿದ್ದರು, ಅದರ ಪ್ರಮಾಣವನ್ನು ಯಾರು ಅಳೆಯುತ್ತಿದ್ದರು ಎಂಬ ಪ್ರಶ್ನೆಗಳನ್ನು ನಮ್ಮ ತರಗತಿಗಳಲ್ಲಿ ಯಾರೂ ಕೇಳುವುದಿಲ್ಲ.

ಇಂದು ಈ ಪ್ರಶ್ನೆಗಳನ್ನು ಕೇಳಲು ವಿಶೇಷ ಕಾರಣವಿದೆ. ಉಪ್ಪು ಬಡವನ ಹಕ್ಕೆಂದು ಸಾರಿದ ಇದೇ ಕರಾವಳಿಯ ಮನೆಗಳಿಗೆ ಇಂದು ವೈದ್ಯರು ಉಪ್ಪನ್ನು ಕಡಿಮೆ ಮಾಡಿರೆಂದು ಹೇಳುತ್ತಿದ್ದಾರೆ. ಹಾಗಾದರೆ ಸತ್ಯಾಗ್ರಹಿಗಳ ವಾದವು ತಪ್ಪಾಗಿತ್ತೆ? ಅಥವಾ ಹಕ್ಕಿನ ಮಾತು ಬೇರೆ, ಪ್ರಮಾಣದ ಮಾತು ಬೇರೆಯೇ? ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಅವರ್ಸಾ ಗ್ರಾಮವನ್ನೂ ಅದರ ನೆರೆಹೊರೆಯನ್ನೂ ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲು ನಾವಿಲ್ಲಿ ಯತ್ನಿಸಿದ್ದೇವೆ.

೨

ಮೊದಲು ಪ್ರದೇಶದ ಸ್ವರೂಪವನ್ನು ನೋಡಬೇಕು. ಕಾತ್ಯಾಯನೀ ಬಾಣೇಶ್ವರ ದೇವಾಲಯದಿಂದ ಹೆಸರಾದ ಅವರ್ಸಾ, ಪಶ್ಚಿಮಕ್ಕೆ ಅರಬ್ಬೀ ಸಮುದ್ರವನ್ನೂ ಪೂರ್ವಕ್ಕೆ ಸಹ್ಯಾದ್ರಿಯ ತಪ್ಪಲನ್ನೂ ಹೊಂದಿರುವ ಕಿರಿದಾದ ಪಟ್ಟಿಯಲ್ಲಿದೆ. ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಗಂಗಾವಳಿ, ಅದರಾಚೆ ಅಘನಾಶಿನಿ. ಈ ನದಿಗಳ ಮುಖಗಳಲ್ಲಿ ಸಮುದ್ರದ ಉಬ್ಬರವು ಒಳನಾಡಿನವರೆಗೂ ಏರಿ ಬರುತ್ತದೆ. ಉಬ್ಬರದ ನೀರು ಮುಟ್ಟುವ ತಗ್ಗು ನೆಲಕ್ಕೆ ಇಲ್ಲಿಯವರು ಗಜನಿಯೆಂದು ಹೆಸರಿಟ್ಟಿದ್ದಾರೆ. ಅಲ್ಲಿ ಉಪ್ಪನ್ನು ಸಹಿಸಿಕೊಂಡು ಬೆಳೆಯುವ ಕಗ್ಗವೆಂಬ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಕಟ್ಟೆ ಒಡೆದು ಗದ್ದೆಗೆ ನುಗ್ಗಿದ ಉಪ್ಪು ರೈತನಿಗೆ ಶತ್ರು. ಕಟ್ಟೆಯೊಳಗೆ ನಿಲ್ಲಿಸಿ ಬಿಸಿಲಿಗೆ ಒಣಗಿಸಿದ ಅದೇ ಉಪ್ಪು ಆಗರದವನಿಗೆ ಅನ್ನ.

ಇಲ್ಲಿಯ ಉಪ್ಪಿನ ಉತ್ಪಾದನೆಯಲ್ಲಿ ಪ್ರಧಾನ ಸ್ಥಾನವು ಗೋಕರ್ಣದ ಬಳಿಯ ಸಾಣಿಕಟ್ಟಾಕ್ಕೆ ಸಲ್ಲುತ್ತದೆ. ಅಘನಾಶಿನಿಯ ಅಳಿವೆಯ ನೀರನ್ನು ಪಾತಿಗಳಿಗೆ ಹಾಯಿಸಿ, ಬೇಸಿಗೆಯ ತಿಂಗಳುಗಳಲ್ಲಿ ಹರಳುಗಟ್ಟಿಸಿ ರಾಶಿ ಹಾಕುವ ಕೆಲಸವು ಅಲ್ಲಿ ಈಗಲೂ ನಡೆದಿದೆ. ಉಪ್ಪಿನ ಆಗರದಿಂದಲೇ ಹೆಸರು ಪಡೆದ ಆಗೇರರೆಂಬ ಸಮುದಾಯವು ಈ ಜಿಲ್ಲೆಯಲ್ಲಿರುವುದು ಈ ಕಸುಬಿನ ಪ್ರಾಚೀನತೆಗೆ ಒಂದು ಸಾಕ್ಷಿಯಾಗಿದೆ. ಕರಾವಳಿಯ ಉಪ್ಪು ಎತ್ತುಗಳ ಬೆನ್ನೇರಿ ಘಟ್ಟವನ್ನು ಹತ್ತುತ್ತಿತ್ತು. ಬಯಲುಸೀಮೆಯ ಧಾನ್ಯವೂ ಹತ್ತಿಯೂ ಘಟ್ಟವನ್ನು ಇಳಿಯುತ್ತಿದ್ದುವು. ಹೀಗೆ ಈ ತೀರದವರಿಗೆ ಉಪ್ಪು ದೂರದಿಂದ ತರಿಸಿಕೊಳ್ಳುವ ಸರಕಾಗಿರಲಿಲ್ಲ. ಅದು ಮನೆಯ ಮುಂದಿನ ವಸ್ತುವಾಗಿತ್ತು.

೩

ಇಂಥ ನಾಡಿನ ಅಡಿಗೆಮನೆಯಲ್ಲಿ ಉಪ್ಪು ಎರಡು ಕೆಲಸಗಳನ್ನು ಮಾಡುತ್ತಿತ್ತು. ಒಂದು ರುಚಿಯ ಕೆಲಸ, ಇನ್ನೊಂದು ಕಾಪಿಡುವ ಕೆಲಸ. ಈ ಎರಡನೆಯದರ ಮಹತ್ವವನ್ನು ಒಳನಾಡಿನವರು ಸುಲಭವಾಗಿ ಊಹಿಸಲಾರರು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ದೋಣಿಗಳು ದಡ ಸೇರುತ್ತಿದ್ದುವು. ತರಕಾರಿಯ ಬೆಳೆ ಕೊಳೆಯುತ್ತಿತ್ತು. ಹೊಳೆಗಳು ತುಂಬಿ ಪೇಟೆಯ ದಾರಿ ಮುಚ್ಚುತ್ತಿತ್ತು. ಆ ನಾಲ್ಕು ತಿಂಗಳುಗಳ ಊಟವನ್ನು ಬೇಸಿಗೆಯಲ್ಲಿಯೇ ಸಿದ್ಧಗೊಳಿಸಬೇಕಾಗಿತ್ತು. ಉಪ್ಪು ಹಾಕಿ ಒಣಗಿಸಿದ ಬಂಗಡೆ, ತಾರ್ಲೆ ಮತ್ತು ಸಿಗಡಿ, ಭರಣಿಯಲ್ಲಿ ತುಂಬಿದ ಮಾವಿನ ಮಿಡಿ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು—ಇವೆಲ್ಲ ಮಳೆಗಾಲದ ದಾಸ್ತಾನುಗಳು. ಕುಚ್ಚಲಕ್ಕಿಯ ಗಂಜಿಗೆ ಒಂದು ಸುಟ್ಟ ಒಣಮೀನು, ಇಲ್ಲವೆ ಒಂದು ಉಪ್ಪಿನ ಮಿಡಿ ಇದ್ದರೆ ಊಟವು ಪೂರ್ಣವಾಗುತ್ತಿತ್ತು. ಸಪ್ಪೆಯಾದ ಗಂಜಿಯನ್ನು ಹೊಟ್ಟೆತುಂಬ ಉಣ್ಣಿಸುವ ಶಕ್ತಿಯು ಆ ಉಪ್ಪಿಗಿತ್ತು. ಬಡವನ ಊಟದಲ್ಲಿ ವ್ಯಂಜನಗಳು ಕಡಿಮೆಯಾದಷ್ಟೂ ಉಪ್ಪಿನ ಭಾರವು ಹೆಚ್ಚುತ್ತದೆಯೆಂಬುದು ಇದರಿಂದ ತಿಳಿದುಬರುತ್ತದೆ.

ಬಿಸಿಲಿನಲ್ಲಿ ಗದ್ದೆಯ ಕೆಲಸ, ದೋಣಿಯ ಕೆಲಸ ಮಾಡುವವರ ಮೈಯಿಂದ ಬೆವರಿನೊಡನೆ ಉಪ್ಪು ಹೊರಹೋಗುತ್ತದೆ. ಆದುದರಿಂದ ದುಡಿಯುವವನಿಗೆ ಉಪ್ಪು ಬೇಕೇ ಬೇಕೆಂಬ ನಂಬಿಕೆಯು ಬಲವಾಗಿ ಬೇರೂರಿತು. ಭಾಷೆಯೂ ಇದಕ್ಕೆ ಇಂಬುಗೊಟ್ಟಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂಬ ಗಾದೆಯನ್ನು ತಿಳಿಯದ ಕನ್ನಡಿಗನಿಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಜನರ ನೀತಿ. ಊಟದ ಎಲೆಯ ತುದಿಗೆ ಮೊದಲು ಉಪ್ಪನ್ನು ಬಡಿಸುವುದು ನಮ್ಮ ಕ್ರಮ. ಇಂಥ ಗೌರವವನ್ನು ಪಡೆದ ವಸ್ತುವನ್ನು ಕಡಿಮೆ ಮಾಡುವ ಮಾತು ಕಿವಿಗೆ ಹಿತವಾಗುವುದಿಲ್ಲ.

ಅತಿಯಾದರೆ ಉಪ್ಪು ಕೆಡುಕೆಂಬ ಅರಿವು ಹಿಂದಿನವರಿಗೆ ಇರಲಿಲ್ಲವೆಂದು ಮಾತ್ರ ತಿಳಿಯಬಾರದು. ಹಿಪ್ಪಲಿ, ಕ್ಷಾರ ಮತ್ತು ಲವಣ—ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆಯು ವಿಧಿಸಿದೆ. ಉಪ್ಪನ್ನು ಅತಿಯಾಗಿ ತಿನ್ನುವ ಸೌರಾಷ್ಟ್ರ, ಸಿಂಧು, ಸೌವೀರ ಮೊದಲಾದ ದೇಶಗಳವರನ್ನು ಹೆಸರಿಸಿ ಎಚ್ಚರಿಸಿದೆ. ಮೈ ಬಾತುಕೊಂಡವರಿಗೆ ಉಪ್ಪಿಲ್ಲದ ಪಥ್ಯವನ್ನು ಹೇಳುವುದು ನಾಟಿ ವೈದ್ಯರ ವಾಡಿಕೆಯಾಗಿತ್ತು. ಆದರೆ ಇದೆಲ್ಲ ರೋಗಿಯ ಪಥ್ಯ. ಆರೋಗ್ಯವಂತನ ಊಟದಲ್ಲಿ ಉಪ್ಪಿನ ಅಳತೆಯೆಂದರೆ ಅಡಿಗೆಯವರ ಕೈ: ಒಂದು ಚಿಟಿಕೆ, ಒಂದು ಹಿಡಿ, ಕೊನೆಗೆ ನಾಲಗೆಯ ತೀರ್ಪು. ಮನೆಯು ಉಪ್ಪನ್ನು ಎಂದೂ ತೂಗಲಿಲ್ಲ.

೪

ಮನೆಯು ತೂಗದ ಉಪ್ಪನ್ನು ತೂಗಿದ್ದು ಸರ್ಕಾರ. ೧೭೯೯ರಲ್ಲಿ ಟೀಪುವಿನ ಪತನಾನಂತರ ಕೆನರಾ ಪ್ರಾಂತ್ಯವು ಇಂಗ್ಲಿಷ್ ಕಂಪನಿಯ ಕೈಸೇರಿತು. ೧೮೦೫ರಲ್ಲಿ ಮದ್ರಾಸು ಸರ್ಕಾರವು ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಅದು ಅನತಿಕಾಲದಲ್ಲಿಯೇ ಕೆನರಾಕ್ಕೂ ವ್ಯಾಪಿಸಿತು. ೧೮೬೨ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮುಂಬಯಿ ಇಲಾಖೆಗೆ ಸೇರಿಸಲಾಯಿತು. ೧೮೮೨ರಲ್ಲಿ ಉಪ್ಪಿನ ಸುಂಕವು ಮಣಕ್ಕೆ ೨ ರೂಪಾಯಿಗಳೆಂದು ನಿಗದಿಯಾಯಿತು; ೧೮೮೮ರಲ್ಲಿ ೨ ರೂಪಾಯಿ ೮ ಆಣೆಗಳಿಗೆ ಏರಿತು. ೧೮೯೦ರ ಮುಂಬಯಿ ಉಪ್ಪಿನ ಕಾಯಿದೆಯು ಪರವಾನಗಿಯಿಲ್ಲದೆ ಉಪ್ಪು ತೆಗೆಯುವುದನ್ನು ಅಪರಾಧವನ್ನಾಗಿ ಮಾಡಿತು. ಬಂಡೆಯ ಕುಳಿಯಲ್ಲಿ ತಾನಾಗಿ ಕಟ್ಟಿದ ಉಪ್ಪನ್ನು ಕೆರೆದು ಒಯ್ಯುವುದೂ ತಪ್ಪೆನಿಸಿತು.

ಕಾರವಾರದ ನೆರೆಯಲ್ಲಿ ಗೋವೆ ಇದ್ದುದರಿಂದ ಈ ತೊಡಕು ಇನ್ನೂ ಹೆಚ್ಚಾಯಿತು. ಪೋರ್ತುಗೀಜರ ಆಳ್ವಿಕೆಯ ಗೋವೆಯಲ್ಲಿ ಉಪ್ಪು ಅಗ್ಗವಾಗಿತ್ತು; ಗಡಿಯಿಂದೀಚೆಗೆ ಸುಂಕದ ಉಪ್ಪು ದುಬಾರಿಯಾಗಿತ್ತು. ೧೮೭೮ರ ಡಿಸೆಂಬರ್ ೨೬ರಂದು ಆದ ಆಂಗ್ಲೋ-ಪೋರ್ತುಗೀಜ್ ಒಪ್ಪಂದದ ಮೂಲಕ ಗೋವೆಯ ಉಪ್ಪಿನ ಉತ್ಪಾದನೆಯ ಮೇಲೆಯೂ ಬ್ರಿಟಿಷರು ಹತೋಟಿಯನ್ನು ಪಡೆದರು. ೧೮೯೨ರಲ್ಲಿ ಆ ಒಪ್ಪಂದವು ಕೊನೆಗೊಂಡಿತು.

ಉಪ್ಪಿನ ಸುಂಕದ ಹಿಂದಿನ ತರ್ಕವನ್ನು ಇಲ್ಲಿ ಗಮನಿಸಬೇಕು. ಬೆಲೆ ಏರಿದರೆ ಜನರು ಬಟ್ಟೆಯನ್ನು ಕಡಿಮೆ ಕೊಳ್ಳಬಹುದು, ಸಕ್ಕರೆಯನ್ನು ಬಿಡಬಹುದು, ಉಪ್ಪನ್ನು ಮಾತ್ರ ಬಿಡಲಾರರು. ಆದುದರಿಂದ ತಲೆಗೆ ವರ್ಷಕ್ಕೆ ಎಷ್ಟು ಪೌಂಡು ಉಪ್ಪು ಖರ್ಚಾಗುವುದೆಂದು ಅಧಿಕಾರಿಗಳು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕವು ಆರೋಗ್ಯಕ್ಕಾಗಿ ಅಲ್ಲ, ವರಮಾನಕ್ಕಾಗಿ. ಬಳಕೆ ಕುಗ್ಗಿದರೆ ಕಳ್ಳ ಉಪ್ಪು ಹೆಚ್ಚಿದೆಯೆಂಬ ಸಂಶಯ, ಬಳಕೆ ಹಿಗ್ಗಿದರೆ ಬೊಕ್ಕಸಕ್ಕೆ ಸಂತೋಷ. ಮೀನಿಗೂ ಬೇರೆ ಲೆಕ್ಕ ಬಂದಿತು. ಸುಂಕದ ಉಪ್ಪು ದುಬಾರಿಯಾದುದರಿಂದ ಮೀನು ಹದಗೊಳಿಸುವ ಕಸುಬು ಕುಂದುತ್ತಿದೆಯೆಂದು ಫ್ರಾನ್ಸಿಸ್ ಡೇ ೧೮೭೩ರ ತನ್ನ ವರದಿಯಲ್ಲಿ ತೋರಿಸಿಕೊಟ್ಟನು. ಮುಂದೆ ಪಶ್ಚಿಮ ಕರಾವಳಿಯಲ್ಲಿ ಸರ್ಕಾರದ ಮೀನುಪ್ಪಿನ ಅಂಗಳಗಳು ತೆರೆದುವು. ಬೇಲಿಯೊಳಗೆ ಮೀನಿಗೆ ಹಾಕುವ ಉಪ್ಪಿಗೆ ಸುಂಕವಿಲ್ಲ. ಬೇಲಿಯಾಚೆ ಅನ್ನಕ್ಕೆ ಹಾಕುವ ಉಪ್ಪಿಗೆ ಸುಂಕ!

ಈ ಸುಂಕದ ಭಾರವೆಷ್ಟೆಂಬುದನ್ನು ನಾವು ಹೀಗೆ ಅಂದಾಜು ಮಾಡಬಹುದು. ಮಣವೆಂದರೆ ೪೦ ಸೇರು, ಈಗಿನ ತೂಕದಲ್ಲಿ ಸುಮಾರು ೩೭ ಕಿಲೋಗ್ರಾಂ. ಈಗಿನ ಸರಾಸರಿಯಂತೆ ಆಳಿಗೆ ದಿನಕ್ಕೆ ೮ ಗ್ರಾಂ ಎಂದಿಟ್ಟುಕೊಂಡರೆ ಐವರ ಕುಟುಂಬಕ್ಕೆ ವರ್ಷಕ್ಕೆ ಹದಿನಾಲ್ಕೂವರೆ ಕಿಲೋಗ್ರಾಂಗಿಂತ ತುಸು ಹೆಚ್ಚು ಉಪ್ಪು ಬೇಕು. ೧೯೩೦ರಲ್ಲಿ ಸುಂಕವು ಮಣಕ್ಕೆ ೧ ರೂಪಾಯಿ ೪ ಆಣೆ. ಎಂದರೆ ಆ ಕುಟುಂಬವು ವರ್ಷಕ್ಕೆ ಸುಮಾರು ೮ ಆಣೆಗಳನ್ನು ತೆರುತ್ತಿತ್ತು. ೧೯೨೩ರಲ್ಲಿ ವೈಸರಾಯರು ತಮ್ಮ ವಿಶೇಷಾಧಿಕಾರದಿಂದ ಸುಂಕವನ್ನು ಇಮ್ಮಡಿಗೊಳಿಸಿದಾಗ ಅದು ಒಂದು ರೂಪಾಯಿಯಷ್ಟಾಗಿತ್ತು. ಮರುವರ್ಷ ಮತ್ತೆ ಇಳಿಯಿತು. ಮೊತ್ತವು ಸಣ್ಣದೆಂದು ತೋರಬಹುದು. ಆದರೆ ಸಾವಿರ ಎಕರೆಯ ಒಡೆಯನೂ ಗೇಣಿಯ ಒಕ್ಕಲೂ ಸರಿಸಮವಾಗಿ ತೆರುತ್ತಿದ್ದ ಸುಂಕವಿದು. ಅಲ್ಲ, ಗಂಜಿ-ಉಪ್ಪಿನಿಂದಲೇ ಹೊಟ್ಟೆ ಹೊರೆಯುವ ಒಕ್ಕಲು ತುಸು ಹೆಚ್ಚಾಗಿಯೇ ತೆರುತ್ತಿದ್ದನು.

೫

ಇಷ್ಟು ಹಿನ್ನೆಲೆಯಿಂದ ನೋಡಿದರೆ ಕರ್ನಾಟಕದ ನಾಯಕರು ಅಂಕೋಲೆಯನ್ನು ಆರಿಸಿಕೊಂಡುದರ ಔಚಿತ್ಯವು ತಿಳಿಯುತ್ತದೆ. ಉಪ್ಪಿನ ನೀರೂ ಉಪ್ಪಿನ ಅನ್ಯಾಯವೂ ಇಲ್ಲಿ ಒಂದೇ ದಡದಲ್ಲಿದ್ದುವು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ವಾರ್ಷಿಕ ದಿನವೂ ಆಗಿದ್ದ ಏಪ್ರಿಲ್ ೧೩ರಂದು ಶ್ರೀ ಎಂ. ಪಿ. ನಾಡಕರ್ಣಿಯವರು ಅಪಾರ ಜನಸ್ತೋಮದ ಸಮಕ್ಷಮದಲ್ಲಿ ಕಾನೂನನ್ನು ಮುರಿದರು. ೧೯೩೧ರ ಮಾರ್ಚ್ ೫ರ ಗಾಂಧಿ-ಅರ್ವಿನ್ ಒಪ್ಪಂದದಂತೆ ಉಪ್ಪು ದೊರೆಯುವ ಪ್ರದೇಶದ ಹಳ್ಳಿಗರಿಗೆ ಮನೆಬಳಕೆಗಾಗಿ ಉಪ್ಪನ್ನು ಮಾಡಿಕೊಳ್ಳುವ ಅನುಮತಿಯು ದೊರೆಯಿತು. ಸುಂಕವು ಪೂರ್ಣವಾಗಿ ರದ್ದಾದುದು ೧೯೪೭ರ ಏಪ್ರಿಲ್ ೧ರಂದು.

ಇಲ್ಲಿ ಒಂದು ಸಂಗತಿಯು ವಿಶೇಷವಾಗಿ ಮನನೀಯವಾಗಿದೆ. ಉಪ್ಪಿಗಾಗಿ ದೇಶವನ್ನೇ ಎಬ್ಬಿಸಿದ ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ಉಪ್ಪನ್ನು ಬಿಟ್ಟವರಾಗಿದ್ದರು. ಕಸ್ತೂರಿಬಾ ಅವರ ಕಾಯಿಲೆಯ ಸಂದರ್ಭದಲ್ಲಿ, ಪತ್ನಿಯನ್ನು ಒಡಂಬಡಿಸುವುದಕ್ಕಾಗಿ ತಾವೇ ಮೊದಲು ಉಪ್ಪನ್ನೂ ಬೇಳೆಯನ್ನೂ ತ್ಯಜಿಸಿದುದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಉಪ್ಪನ್ನು ಹೆಚ್ಚು ತಿನ್ನಬೇಕೆಂಬುದು ಅವರ ವಾದವಾಗಿರಲಿಲ್ಲ. ತಿನ್ನುವುದನ್ನಾಗಲಿ ಬಿಡುವುದನ್ನಾಗಲಿ ತಿನ್ನುವವನೇ ನಿರ್ಧರಿಸಬೇಕು, ಪರಸರ್ಕಾರವು ಬಡವನ ತುತ್ತನ್ನು ತೂಗಿ ಲಾಭ ಪಡೆಯಬಾರದು ಎಂಬುದು ಅದರ ತಿರುಳಾಗಿತ್ತು. ಆದುದರಿಂದ ಇಂದಿನ ವೈದ್ಯರ ಸಲಹೆಗೂ ೧೯೩೦ರ ವಾದಕ್ಕೂ ವಿರೋಧವಿಲ್ಲವೆಂದು ನಾವು ತಿಳಿಯುತ್ತೇವೆ. ಹಕ್ಕು ದೊರೆತ ಮೇಲೆ ಪ್ರಮಾಣದ ವಿಚಾರವು ಉಳಿಯಿತು. ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

೬

ಸ್ವಾತಂತ್ರ್ಯಾನಂತರ ಸರ್ಕಾರವು ಮತ್ತೆ ಉಪ್ಪಿನೊಳಗೆ ಪ್ರವೇಶಿಸಿತು. ಈ ಬಾರಿ ಉದ್ದೇಶವು ಒಳ್ಳೆಯದಾಗಿತ್ತು. ೧೯೫೬ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮೊದಲಾದವರು ನಡೆಸಿದ ಪ್ರಯೋಗವು, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡವು ಇಳಿಯುವುದೆಂದು ಸಿದ್ಧಪಡಿಸಿತು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನೆಯು ಆರಂಭವಾಯಿತು. ಅಯೋಡಿನ್ ಬೆರೆಸದ ಉಪ್ಪನ್ನು ನೇರ ಆಹಾರಕ್ಕಾಗಿ ಮಾರುವುದರ ಮೇಲಿನ ನಿಷೇಧವು ೧೯೯೮ರಲ್ಲಿ ಬಂದು, ೨೦೦೦ದಲ್ಲಿ ಹೋಗಿ, ೨೦೦೬ರ ಮೇ ೧೭ರಿಂದ ಮರಳಿ ಜಾರಿಗೆ ಬಂದಿತು. ಸಮುದ್ರದ ದಡದವರಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಸಮುದ್ರದ ಮೀನಿನಲ್ಲಿ ಅಯೋಡಿನ್ ಸಾಕಷ್ಟಿದ್ದರೂ ಸಮುದ್ರದ ನೀರನ್ನು ಒಣಗಿಸಿದ ಹರಳುಪ್ಪಿನಲ್ಲಿ ಅದು ಅತ್ಯಲ್ಪವಾಗಿರುತ್ತದೆ.

ಇದರ ಪರಿಣಾಮವು ಅಡಿಗೆಮನೆಯ ಅಳತೆಯ ಮೇಲೆಯೂ ಆಯಿತು. ಗಡಿಗೆಯಲ್ಲಿದ್ದ ಹರಳುಪ್ಪಿನ ಜಾಗಕ್ಕೆ ಪೊಟ್ಟಣದ ಪುಡಿಯುಪ್ಪು ಬಂದಿತು. ಹರಳುಗಳ ನಡುವೆ ಎಡೆಯಿರುತ್ತದೆ. ಪುಡಿಯು ಒತ್ತಾಗಿ ಕೂಡುತ್ತದೆ. ಆದುದರಿಂದ ಒಂದೇ ಚಮಚದಲ್ಲಿ ಹರಳಿಗಿಂತ ಪುಡಿಯು ಹೆಚ್ಚು ತೂಗುತ್ತದೆ. ಹರಳಿಗೆ ಪಳಗಿದ ಕೈಯೇ ಪುಡಿಯನ್ನೂ ಹಾಕತೊಡಗಿದರೆ, ನಾಲಗೆಯು ಬೇಗನೆ ಎಚ್ಚರಿಸದ ಹೊರತು, ಪ್ರಮಾಣವು ಏರುವುದು ಸಹಜ. ನಾಲಗೆಯಾದರೋ ತಾನು ಕಂಡ ರುಚಿಗೆ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುವ ಅಂಗ.

ಮತ್ತೊಂದು ಬದಲಾವಣೆಯೂ ಇದೇ ಕಾಲದಲ್ಲಿ ನಡೆಯಿತು. ಹೆದ್ದಾರಿಯೂ ಕೊಂಕಣ ರೈಲ್ವೆಯೂ ಮಳೆಗಾಲದ ಏಕಾಂತವನ್ನು ಮುರಿದುವು. ಮಂಜುಗಡ್ಡೆಯೂ ಶೀತಪೆಟ್ಟಿಗೆಯೂ ಬಂದುವು. ಉಪ್ಪಿನಲ್ಲಿ ಕಾಪಿಡಲೇಬೇಕೆಂಬ ನಿರ್ಬಂಧವು ಸಡಿಲಾಯಿತು. ಆದರೆ ಕಾಪಿಟ್ಟ ಪದಾರ್ಥಗಳ ರುಚಿಯು ಉಳಿದುಕೊಂಡಿತು. ಅಗತ್ಯವು ಹೋಗಿ ಅಭ್ಯಾಸವು ನಿಂತಿತು. ಬೆವರು ಸುರಿಸುವ ದುಡಿಮೆ ಕಡಿಮೆಯಾದವರ ಎಲೆಯಲ್ಲಿಯೂ ದುಡಿಮೆಗಾರನ ಉಪ್ಪು ಹಾಗೆಯೇ ಇದೆ. ಇವುಗಳ ಮೇಲೆ ಅಂಗಡಿಯ ಚಕ್ಕುಲಿ, ಖಾರ, ಬಿಸ್ಕತ್ತು, ಪೊಟ್ಟಣದ ತಿಂಡಿಗಳ ಕಾಣದ ಉಪ್ಪು ಬಂದು ಸೇರಿತು.

೭

ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ಸಂಬಂಧವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪಷ್ಟವಾಗುತ್ತ ಬಂದಿತು. ೫೨ ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಪರೀಕ್ಷಿಸಿದ ಇಂಟರ್‌ಸಾಲ್ಟ್ ಅಧ್ಯಯನವು ೧೯೮೮ರಲ್ಲಿ ಪ್ರಕಟವಾಯಿತು. ದೆಹಲಿ ಮತ್ತು ಲಡಾಖ್ ಅದರಲ್ಲಿ ಸೇರಿದ್ದುವು. ವಯಸ್ಕನು ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪನ್ನು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ ೨೦೧೭-೧೮ರ ರಾಷ್ಟ್ರೀಯ ಸಮೀಕ್ಷೆಯ ಆಧಾರದ ಮೇಲೆ ಮಾಡಿದ ಅಂದಾಜಿನಂತೆ ವಯಸ್ಕರ ಸರಾಸರಿ ಸೇವನೆಯು ೮ ಗ್ರಾಂ; ಗಂಡಸರಲ್ಲಿ ೮.೯, ಹೆಂಗಸರಲ್ಲಿ ೭.೧. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೧೫ ವರ್ಷಕ್ಕೆ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ ೨೪, ಹೆಂಗಸರಲ್ಲಿ ನೂರಕ್ಕೆ ೨೧ ಮಂದಿಗೆ ರಕ್ತದೊತ್ತಡವು ಹೆಚ್ಚಿದೆಯೆಂದು, ಅಥವಾ ಅವರು ಅದಕ್ಕಾಗಿ ಔಷಧವನ್ನು ತೆಗೆದುಕೊಳ್ಳುತ್ತಿರುವರೆಂದು ಕಂಡುಕೊಂಡಿತು.

ಉಪ್ಪು ಹೆಚ್ಚಾದರೆ ಕೆಡುಕೆಂದು ಇಂದು ಬಹುಮಂದಿ ಕೇಳಿ ಬಲ್ಲರು. ಆದರೂ ಅಭ್ಯಾಸವು ಬದಲಾಗದಿರಲು ಕಾರಣವೇನು? ಚರಿತ್ರೆಯು ಇದಕ್ಕೆ ಒಂದು ಉತ್ತರವನ್ನು ಕೊಡುತ್ತದೆ. ಇಂಗ್ಲಿಷರ ಸುಂಕವೇ ಕದಲಿಸಲಾರದೆಂದು ಎಣಿಸಿದ್ದ ಅಭ್ಯಾಸವನ್ನು ಕೇವಲ ಉಪದೇಶವು ಕದಲಿಸಲಾರದು. ನಮ್ಮ ಮನೆಗಳಿಗೆ ಉಪ್ಪಿನ ಭಯವನ್ನು ಕಲಿಸಿದ್ದೇವೆ; ಅಳತೆಯನ್ನು ಕಲಿಸಿಲ್ಲ. ಐದು ಗ್ರಾಂ ಎಂಬ ಮಾತು ತಕ್ಕಡಿಯಿಲ್ಲದ ಅಡಿಗೆಮನೆಯಲ್ಲಿ ಅರ್ಥವಾಗುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಉಪ್ಪಿನ ಬಹುಭಾಗವು ಕಾರ್ಖಾನೆಯ ಆಹಾರದಿಂದ ಬರುತ್ತದೆ. ಆದುದರಿಂದ ಅಲ್ಲಿ ಕಾರ್ಖಾನೆಗಳನ್ನು ಹಿಡಿದರೆ ಕೆಲಸವಾಗುತ್ತದೆ. ನಮ್ಮಲ್ಲಿ ಬಹುಭಾಗವು ಇನ್ನೂ ಒಲೆಯ ಬಳಿಯ ಕೈಯಿಂದಲೇ ಬೀಳುತ್ತಿದೆ. ಇದು ಕಷ್ಟವೂ ಹೌದು, ಅನುಕೂಲವೂ ಹೌದು. ಏಕೆಂದರೆ ಆ ಕೈ ನಮ್ಮದೇ.

ಚೀನದ ೬೦೦ ಹಳ್ಳಿಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯವಾಗಿದೆ. ಅಲ್ಲಿ ಮಾಮೂಲು ಉಪ್ಪಿಗೆ ಬದಲಾಗಿ ಕಾಲು ಭಾಗ ಪೊಟಾಸಿಯಂ ಕ್ಲೋರೈಡ್ ಬೆರೆತ ಉಪ್ಪನ್ನು ಕೊಡಲಾಯಿತು. ಪಾರ್ಶ್ವವಾಯುವಿನ ಪ್ರಮಾಣವು ನೂರಕ್ಕೆ ೧೪ರಷ್ಟು ಇಳಿಯಿತು. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಇಂಥ ಉಪ್ಪು ಅಪಾಯಕರವಾಗಬಹುದಾದುದರಿಂದ ವೈದ್ಯರ ಸಲಹೆ ಅವಶ್ಯ. ಆದರೂ ಈ ಪ್ರಯೋಗದ ಪಾಠವು ಸ್ಪಷ್ಟ: ಜನರ ಗೀಳನ್ನು ಹಳಿಯುವುದಕ್ಕಿಂತ ಅವರ ಕೈಗೆ ಬೇರೆ ಸಾಧನವನ್ನು ಕೊಡುವುದು ಫಲಕಾರಿ.

೮

ಅಂಥ ಒಂದು ಸಾಧನವು ಪ್ರತಿ ಮನೆಯಲ್ಲಿಯೂ ಈಗಾಗಲೇ ಇದೆ. ಅದು ಉಪ್ಪಿನ ಪೊಟ್ಟಣ. ಆಳಿಗೆ ೫ ಗ್ರಾಂ ಪ್ರಕಾರ ಐವರು ವಯಸ್ಕರ ಮನೆಗೆ ದಿನಕ್ಕೆ ೨೫ ಗ್ರಾಂ ಮಿತಿ. ಎಂದರೆ ಒಂದು ಕಿಲೋಗ್ರಾಂ ಪೊಟ್ಟಣವು ೪೦ ದಿನಗಳವರೆಗಾದರೂ ಬರಬೇಕು. ದೇಶದ ಸರಾಸರಿಯಂತೆ ೮ ಗ್ರಾಂ ತಿನ್ನುವ ಮನೆಯಲ್ಲಿ ಅದು ೨೫ ದಿನಗಳಲ್ಲಿ ಮುಗಿಯುತ್ತದೆ. ಒಣಮೀನು, ಉಪ್ಪಿನಕಾಯಿ, ಅಂಗಡಿಯ ತಿಂಡಿಗಳ ಉಪ್ಪು ಇದಕ್ಕೆ ಹೊರತಾದುದರಿಂದ ಪೊಟ್ಟಣವು ೪೦ ದಿನಗಳಿಗಿಂತಲೂ ಹೆಚ್ಚು ಕಾಲ ಬಾಳಬೇಕು. ಪೊಟ್ಟಣವನ್ನು ಒಡೆದ ದಿನವನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕಿಕೊಂಡರೆ ಮನೆಯ ಲೆಕ್ಕವು ಮನೆಗೇ ತಿಳಿಯುತ್ತದೆ. ಒಣಮೀನನ್ನು ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲುವುದು, ಗಂಜಿಯ ಜೊತೆಗೆ ಉಪ್ಪು ಅಥವಾ ಉಪ್ಪಿನಕಾಯಿ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳುವುದು, ಮುರುಗಲು, ನಿಂಬೆ, ಹುಣಿಸೆಗಳ ಹುಳಿಯಿಂದ ರುಚಿಯನ್ನು ತುಂಬಿಕೊಳ್ಳುವುದು—ಇವು ಈ ಕರಾವಳಿಯ ಅಡಿಗೆಗೆ ಹೊರಗಿನವಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಈ ತೀರದಲ್ಲಿ ಉಪ್ಪಿನ ಪ್ರಮಾಣವನ್ನು ಮಳೆ ನಿರ್ಧರಿಸಿತು, ದುಡಿಮೆ ನಿರ್ಧರಿಸಿತು, ಬಡತನ ನಿರ್ಧರಿಸಿತು. ಅದನ್ನು ತೂಗಿದವರು ಮಾತ್ರ ಯಾವಾಗಲೂ ಹೊರಗಿನವರು: ಮೊದಲು ಸುಂಕದವರು, ಈಗ ಪೊಟ್ಟಣ ಕಟ್ಟುವವರು ಮತ್ತು ಸಮೀಕ್ಷೆ ನಡೆಸುವವರು. ಅಂಕೋಲೆಯ ಸತ್ಯಾಗ್ರಹಿಗಳು ಉಪ್ಪನ್ನು ಮಾಡುವ ಅಧಿಕಾರವನ್ನು ಹಳ್ಳಿಗೆ ತಂದುಕೊಟ್ಟರು. ಅದನ್ನು ಅಳೆಯುವ ಅಧಿಕಾರವನ್ನು ಅವರ್ಸಾದಂಥ ಊರುಗಳ ಮನೆಗಳು ಇನ್ನು ತಾವೇ ವಹಿಸಿಕೊಳ್ಳಬೇಕಾಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಪ್ರತಿವರ್ಷ ಏಪ್ರಿಲ್ ೧೩ನ್ನು ಸ್ಮರಿಸುವಾಗ ತಮ್ಮ ತಮ್ಮ ಮನೆಗಳ ಒಂದು ತಿಂಗಳ ಉಪ್ಪಿನ ಲೆಕ್ಕವನ್ನು ಬರೆದು ತರುವುದಾದರೆ, ಅದು ಸ್ಥಳೀಯ ಇತಿಹಾಸಕ್ಕೆ ಒಂದು ಹೊಸ ಆಕರವಾಗುವುದಲ್ಲದೆ ಅವರ ಹಿರಿಯರ ಆಯುಷ್ಯಕ್ಕೂ ಒದಗುವುದೆಂದು ನಾವು ಭಾವಿಸುತ್ತೇವೆ.